ಹನ್ನೆರಡು ಮಂದಿಯ ಊಟ, ಹನ್ನೆರಡು ಮಂದಿಯ ಧ್ಯಾನ

ಮಂಗಳವಾರ ಬೆಳಿಗ್ಗೆ ನದೀತೀರದ ಆಶ್ರಮದಲ್ಲಿ ಹುಣಸೆಹಣ್ಣನ್ನು ನಿಷೇಧಿಸಲಾಯಿತು. ಸಾವುನೋವು ವರದಿಯಾಗಿಲ್ಲ.

ನಿಷೇಧಿಸಿದವನು ಶಿಷ್ಯ ವಿರೂಪಾಕ್ಷ. ಹಿಂದೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಲೋಕ ಬಿಟ್ಟಿದ್ದ, ಲ್ಯಾಪ್‌ಟಾಪ್ ಬಿಟ್ಟಿರಲಿಲ್ಲ.

"ಅಡುಗೆಯ ಸಾವಂತ್ರವ್ವನನ್ನೂ ಕಳಿಸಿಬಿಡಿ ಗುರುಗಳೇ. ಅವಳ ಕೈ ಊಟ ನಮ್ಮ ಧ್ಯಾನ ಕೆಡಿಸುತ್ತಿದೆ. ಸಂಬಂಧ 0.97. ಒಂದು ಅಂದರೆ ಪೂರ್ಣ."

ಸಾವಂತ್ರವ್ವ ಸೌಟು ಹಿಡಿದೇ ಬಂದಳು. "ಹತ್ತೊಂಬತ್ತು ವರ್ಷ ಉಂಡ್ರಿ. ಈಗ ಎಲ್ಲಿಗೆ ಹೋಗ್ಲಿ ಯಪ್ಪಾ?"

"ಲೆಕ್ಕ ಹೇಳು," ಎಂದರು ಗುರುಗಳು.

"ನಾವು ಹನ್ನೆರಡು ಮಂದಿ. ಒಬ್ಬೊಬ್ಬರ ಊಟದ್ದು ಐದು ಅಳತೆ: ಹುಳಿ, ಖಾರ, ಉಪ್ಪು, ಎಣ್ಣೆ, ಅನ್ನ. ಧ್ಯಾನದ್ದೂ ಐದು: ಕೂತ ಹೊತ್ತು, ಉಸಿರು, ನಾಡಿ, ಆಕಳಿಕೆ, ತೂಕಡಿಕೆ. ಎರಡೂ ಕಡೆ ಒಂದೊಂದು ಅಳತೆಗೆ ಒಂದೊಂದು ಬೆಲೆ ಕಟ್ಟಿ ಕೂಡಿಸಿದೆ. ಆ ಎರಡು ಮೊತ್ತಗಳ ನಂಟೇ ಕ್ಯಾನೋನಿಕಲ್ ಸಹಸಂಬಂಧ."

"ಎಷ್ಟು ಬೆಲೆ ಅಂತ ಯಾರು ಹೇಳಿದರು?"

"ನಂಟು ಅತಿ ಹೆಚ್ಚು ಕಾಣುವಂತೆ ಲೆಕ್ಕವೇ ಹುಡುಕಿಕೊಳ್ಳುತ್ತದೆ."

ಒಬ್ಬೊಬ್ಬರ ಅಳತೆ ಬರೆದ ಚೀಟಿಗಳು ಊಟದ್ದೊಂದು, ಧ್ಯಾನದ್ದೊಂದು, ಎರಡು ಕಟ್ಟಾಗಿದ್ದವು. ಗುರುಗಳು ಧ್ಯಾನದ ಕಟ್ಟನ್ನು ಎತ್ತಿಕೊಂಡು ಇಸ್ಪೀಟಿನಂತೆ ಕಲಸಿದರು. ಊಟದ ಚೀಟಿಗಳ ಪಕ್ಕದಲ್ಲಿ ಒಂದೊಂದಾಗಿ ಇಟ್ಟರು.

"ಈಗ ಹುಡುಕಲಿ."

"ಗುರುಗಳೇ! ನಮ್ಮಲ್ಲಿ ಹಾಲಪ್ಪ ಉಂಡದ್ದಕ್ಕೆ ನಾಗೇಂದ್ರ ಆಕಳಿಸಿದಂತಾಯಿತು!"

"ಹೌದು. ಹುಡುಕಲಿ."

ವಿರೂಪಾಕ್ಷ ಹೊಸ ಜೋಡಿಗಳನ್ನು ಲ್ಯಾಪ್‌ಟಾಪಿಗೆ ಹಾಕಿದ. ಉತ್ತರ 0.98.

ಧ್ಯಾನದ ಚೀಟಿಗಳನ್ನು ತಾನೇ ಕೈಗೆ ತೆಗೆದುಕೊಂಡ. ಮತ್ತೆ ಕಲಸಿದ. 0.96. ಮತ್ತೆ ಕಲಸಿದ. 0.99.

"ಒಬ್ಬರು ಉಂಡದ್ದು ಇನ್ನೊಬ್ಬರಿಗೆ ಹತ್ತೇತಂದ್ರ," ಎಂದಳು ಸಾವಂತ್ರವ್ವ, "ಅದೂ ನಂದ ತಪ್ಪೇನ್ರಿ?"

"ಸಾವಿರ ಸಲ ಕಲಸು," ಎಂದರು ಗುರುಗಳು. "ಕಲಸಿದ ಜೋಡಿ ನಿನ್ನ 0.97ನ್ನು ಎಷ್ಟು ಸಲ ಮುಟ್ಟುತ್ತದೆ, ಎಷ್ಟು ಸಲ ದಾಟುತ್ತದೆ, ಎಣಿಸು. ಅಪರೂಪಕ್ಕೆ ಆದರೆ ಇವಳ ಗಂಟುಮೂಟೆ ನಾನೇ ಕಟ್ಟುತ್ತೇನೆ."

ಸಾವಂತ್ರವ್ವ ಸೌಟು ಕೆಳಗಿಟ್ಟು, ಯಂತ್ರಕ್ಕೆ ಕೈ ಮುಗಿದಳು.

ಸ್ವಲ್ಪ ಹೊತ್ತಿಗೆ ವಿರೂಪಾಕ್ಷ ಎದ್ದು ನಿಂತ. ಮತ್ತೆ ಕೂತ.

"ಸಾವಿರಕ್ಕೆ ಆರುನೂರ ಹನ್ನೆರಡು," ಎಂದ. "ಹತ್ತು ವರ್ಷ ಈ ಪರೀಕ್ಷೆಯನ್ನು ಪಾಠ ಮಾಡಿದ್ದೇನೆ ಗುರುಗಳೇ. ನನ್ನ ಲೆಕ್ಕಕ್ಕೇ ಹಾಕಲಿಲ್ಲ."

ಗುರುಗಳು ಚೀಟಿಗಳನ್ನು ಮತ್ತೆ ಎರಡು ಕಟ್ಟು ಮಾಡಿದರು.

"ಹಾಗಾದರೆ ನನ್ನ ಧ್ಯಾನ ಕೆಟ್ಟದ್ದು ಯಾವುದರಿಂದ?"

"ಗೊತ್ತಿಲ್ಲ," ಎಂದರು ಗುರುಗಳು. "ಸಾವಂತ್ರವ್ವ ಇಲ್ಲೇ ಇರುತ್ತಾಳೆ."