ಗೋಡೆಯೊಳಗಿನ ಸೂರ್ಯ

ದಾವಣಗೆರೆಯಲ್ಲಿ ತಿಪ್ಪೇಶ ಅಂತ ಒಬ್ಬ ಬೆಳಕಿನ ಡಿಸೈನರ್ ಇದ್ದ. ಯಾರಾದರೂ ಬಾಯಿತಪ್ಪಿ "ಬಲ್ಬ್ ಹಾಕೋ ತಿಪ್ಪೇಶ" ಅಂದರೆ ಅವರ ಜೊತೆ ಮಾತು ಬಿಡುತ್ತಿದ್ದ. ಅದೂ ಸರಿಯೇ ಅನ್ನಿ. ಅವನು ಮಾಡಿದ ಮನೆಗಳಲ್ಲಿ ಬಲ್ಬೇ ಕಾಣುತ್ತಿರಲಿಲ್ಲ, ಬರೀ ಬೆಳಕು. ಎಲ್ಲಿಂದ ಬರುತ್ತಪ್ಪಾ ಅಂತ ಹುಡುಕಿದ ನೆಂಟರಿಗೆ ಕತ್ತು ಉಳುಕುತ್ತಿತ್ತು. ಮೆಟ್ಟಿಲ ಕೆಳಗೆ ಬೆಳಕು, ಕನ್ನಡಿ ಹಿಂದೆ ಬೆಳಕು, ನಲ್ಲಿ ತಿರುಗಿಸಿದರೆ ನೀರಿನ ಜೊತೆಗೂ ಬೆಳಕು. ಅವನು ದೀಪ ಕೂರಿಸಿದ ಹೋಟೆಲಿನಲ್ಲಿ ನಿನ್ನೆಯ ಉಪ್ಪಿಟ್ಟೂ ಈಗ ತಾನೇ ಬಾಣಲೆಯಿಂದ ಇಳಿದ ಹಾಗೆ ಹೊಳೆಯುತ್ತಿತ್ತು. ಅವನು ದೀಪ ಹಾಕಿದ ಮದುವೆ ಮಂಟಪದಲ್ಲಿ ಮುನಿಸಿಕೊಂಡು ಕೂತ ಬೀಗರೂ ನಗುತ್ತಿರುವ ಹಾಗೆ ಕಾಣುತ್ತಿದ್ದರು.

ಅವನ ಹೆಂಡತಿ ಶೈಲಜಾ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ತಿಪ್ಪೇಶ ಕೇಳಬೇಕಲ್ಲ! ಬಾಣಂತಿ ಕೋಣೆ ನಾನು ಮಾಡ್ತೀನಿ, ಅತ್ತೆಯೇ ಇಲ್ಲಿಗೆ ಬರಲಿ ಅಂದ. ಪೂರ್ವದ ಕಿಟಕಿಗೆ ಹಲಗೆ ಹೊಡೆದು ಮುಚ್ಚಿದ. ಆ ಜಾಗದಲ್ಲಿ ಹಾಲುಬಣ್ಣದ ಗಾಜು ಕೂರಿಸಿ, ಹಿಂದೆ ದೀಪಗಳನ್ನು ಜೋಡಿಸಿದ. ಸ್ವಿಚ್ ಒತ್ತಿದರೆ ಮೊದಲು ಕೆಂಪು, ಆಮೇಲೆ ಕೇಸರಿ, ಆಮೇಲೆ ಕರಗಿಸಿದ ಬಂಗಾರ. ಗೋಡೆಯೊಳಗೇ ಸೂರ್ಯ ಹುಟ್ಟುತ್ತಿದ್ದ. ಒಮ್ಮೆ ಹುಟ್ಟಿದರೆ ಯಜಮಾನ ಹೇಳುವ ತನಕ ಮುಳುಗುವ ಹಾಗಿಲ್ಲ. ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತೇವೆ ಅಂದಿದ್ದರು. ತಿಪ್ಪೇಶ ಹೊಸ ಶರ್ಟನ್ನೂ ಹೊಲಿಸಿಟ್ಟಿದ್ದ.

ಹೆರಿಗೆ ಸಲೀಸಾಯಿತು, ಹೆಣ್ಣು ಮಗು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ಮೈ ಹಳದಿಗೆ ತಿರುಗಿದರೆ ತಡ ಮಾಡದೆ ಕರ್ಕೊಂಡು ಬನ್ನಿ." ತಿಪ್ಪೇಶ ಹೂಂಗುಟ್ಟಿದ. ಅವನ ತಲೆಯಲ್ಲಿ ಆಗ ಕೇಸರಿ ಇನ್ನೊಂಚೂರು ಜಾಸ್ತಿ ಇರಬೇಕಿತ್ತಾ ಅನ್ನೋ ಯೋಚನೆ ಓಡುತ್ತಿತ್ತು.

ಮನೆಗೆ ಬಂದ ಮಾರನೇ ಬೆಳಿಗ್ಗೆ ಅತ್ತೆ ಹಾಲಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಹೊರಟರು.

"ಎಲ್ಲಿಗತ್ತೆ?"

"ಎಳೆಬಿಸಿಲಿಗೆ ಹಿಡೀಬೇಕು ಅಳಿಯಂದ್ರೇ. ಕಿಟಕಿ ಇದ್ದಿದ್ರೆ ಇಲ್ಲೇ ಹಿಡಿತಿದ್ದೆ. ನೀವು ಅದರ ಬಾಯಿಗೇ ಹಲಗೆ ಬಡಿದೀರಿ."

"ಹೊರಗೆ ಬರೀ ಧೂಳು. ಬಿಸಿಲು ತಾನೇ ಬೇಕು? ತಗೊಳ್ಳಿ!"

ಟಕ್ ಅಂತ ಒತ್ತಿದ. ಸೂರ್ಯ ಹುಟ್ಟಿದ. ಹಾಲಮ್ಮ ಬಾಯಿ ಬಿಟ್ಟುಕೊಂಡು ನೋಡಿದರು, ಆಮೇಲೆ ನಕ್ಕರು. "ಅಯ್ಯೋ, ನಿಮ್ಮ ಮನೇಲಿ ಸೂರ್ಯನೂ ಮನೆಯಳಿಯನೇ ಬಿಡಿ!"

ಅವತ್ತಿನಿಂದ ದಿನಾ ಬೆಳಿಗ್ಗೆ ಅದೇ. ಮಗುವಿನ ಬಟ್ಟೆ ಬಿಚ್ಚಿ, ತೊಡೆ ಮೇಲೆ ಹಾಕಿಕೊಂಡು, ಬೆನ್ನು ಒಂದಷ್ಟು ಹೊತ್ತು, ಹೊಟ್ಟೆ ಒಂದಷ್ಟು ಹೊತ್ತು, ಆ ಗಾಜಿನ ಮುಂದೆ ಹಿಡಿಯುತ್ತಿದ್ದರು. ಶೈಲಜಾಳನ್ನೂ ಹಾಗೇ ಹಿಡಿದ ಕೈಗಳು ಅವು. ಮಗು ಥಳಥಳ ಅನ್ನುತ್ತಿತ್ತು. ನೋಡೋಕೆ ಬಂದವರೆಲ್ಲ "ಬಂಗಾರದ ಗೊಂಬೆ ಕಣ್ರೀ" ಅಂದರು. ತಿಪ್ಪೇಶ ಆ ಹೊಗಳಿಕೆಯನ್ನು ಅರ್ಧ ಮಗಳಿಗೆ, ಅರ್ಧ ದೀಪಕ್ಕೆ ಹಂಚಿದ.

"ಯಾಕೋ ಹಾಲು ಸರಿಯಾಗಿ ಕುಡೀತಿಲ್ಲ ರೀ. ಬರೀ ನಿದ್ದೆ," ಅಂದಳು ಶೈಲಜಾ.

"ನನ್ನ ಲೈಟಿಂಗ್ ಅಂದ್ರೆ ಅದೇ. ಎಂಥೋರಿಗೂ ಹಾಯ್ ಅನಿಸಿ ನಿದ್ದೆ ಬರುತ್ತೆ," ಅಂದ ತಿಪ್ಪೇಶ.

ಫೋಟೋದವರು ಬರುವ ದಿನ ಬಂತು. ತಿಪ್ಪೇಶ ಹೊಸ ಶರ್ಟ್ ಹಾಕಿಕೊಂಡು ನಡುಮನೆಯಲ್ಲಿ ಕೂದಲು ಬಾಚುತ್ತಿದ್ದ. ಫಕ್ಕನೆ ಕರೆಂಟ್ ಹೋಯಿತು. ಯುಪಿಎಸ್ಸು ಕುಂಯ್ ಅಂದು ಅದೂ ಸುಮ್ಮನಾಯಿತು. ಸೂರ್ಯ ಯಾರ ಅಪ್ಪಣೆಯನ್ನೂ ಕೇಳದೆ ಮುಳುಗಿದ. ಕೋಣೆಯಲ್ಲಿ ಸೆಕೆ. ಹಾಲಮ್ಮ ಮಗುವನ್ನು ಎತ್ತಿಕೊಂಡು ಹೊರಬಾಗಿಲಿಗೆ ಬಂದರು. ಬೀದಿಯ ಬಿಸಿಲು ಮಗುವಿನ ಮೇಲೆ ಬಿತ್ತು.

ಹಾಲಮ್ಮ ನಿಂತಲ್ಲೇ ನಿಂತರು.

"ಅಳಿಯಂದ್ರೇ... ಮಗು ಅರಿಶಿಣ ಬಳಿದಂಗೈತೆ. ಕಣ್ಣೂ ಹಳದಿ."

ತಿಪ್ಪೇಶ ಬಾಚಣಿಗೆ ಇಳಿಸದೆಯೇ ಹೇಳಿದ: "ಅದು ಲೈಟಿನ ಎಫೆಕ್ಟು ಅತ್ತೆ."

"ಯಾವ ಲೈಟು ನನ್ನಪ್ಪಾ? ಕರೆಂಟೇ ಇಲ್ಲವಲ್ಲ!"

ಬಾಚಣಿಗೆ ಕೈಯಿಂದ ಜಾರಿತು.

ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪದ ಕೆಳಗೆ ಮಲಗಿಸಿದರು. ಆ ದೀಪಕ್ಕೆ ಅಂದ ಇರಲಿಲ್ಲ, ಚೆಂದ ಇರಲಿಲ್ಲ. ಬಲ್ಬು ಕಣ್ಣಿಗೆ ರಾಚುತ್ತಿತ್ತು. ಊರಿಗೆಲ್ಲ ಬೆಳಕು ಹೇಳಿಕೊಟ್ಟ ತಿಪ್ಪೇಶ ಅದರ ಮುಂದೆ ಕೈಮುಗಿದು ನಿಂತ. "ಇದು ನಿನ್ನೆ ಮೊನ್ನೆಯ ಹಳದಿ ಅಲ್ಲ. ಹಗಲು ಬೆಳಕಲ್ಲಿ ಯಾರೂ ನೋಡಲಿಲ್ವಾ?" ಅಂತ ಡಾಕ್ಟರು ಕೇಳಿದರು. ಮೂಲೆಯಲ್ಲಿ ಕೂತ ಹಾಲಮ್ಮ ತಮ್ಮ ಎರಡು ಕೈಗಳನ್ನು ನೋಡಿಕೊಳ್ಳುತ್ತಾ, "ನಾನೇ ಹಿಡಿದೆ. ದಿನಾ ನಾನೇ ಹಿಡಿದೆ," ಅನ್ನುತ್ತಿದ್ದರು.

ಮಗು ಬದುಕಿತು. ನಾಮಕರಣದ ದಿನ ಹಾಲಮ್ಮ ಅದರ ಕಿವಿಯಲ್ಲಿ "ಇಂಚರ" ಅಂತ ಹೆಸರು ಹೇಳಿದರು. ಮಗು ಮಿಸುಕಲಿಲ್ಲ. "ಹೆಸರು ಹಿಡಿಸಲಿಲ್ಲ ಅಂತ ಕಾಣುತ್ತೆ ನಮ್ಮ ರಾಣಿಗೆ" ಅಂತ ಎಲ್ಲರೂ ನಕ್ಕರು. ದೀಪಾವಳಿಯಲ್ಲಿ ಬಾಗಿಲ ಮುಂದೆಯೇ ದೊಡ್ಡ ಪಟಾಕಿ ಸಿಡಿಯಿತು. ಬೀದಿಯ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರು, ನಾಯಿ ಮಂಚದಡಿ ಸೇರಿತು. ಪಟಾಕಿಗೆ ಬೆನ್ನು ಮಾಡಿ ಶೈಲಜಾಳ ತೊಡೆ ಮೇಲಿದ್ದ ಇಂಚರ ಮಾತ್ರ ಬಾಯೊಳಗಿನ ಬೆರಳನ್ನೂ ತೆಗೆಯಲಿಲ್ಲ. ಶೈಲಜಾ ಗಂಡನ ಮುಖ ನೋಡಿದಳು. ಆ ರಾತ್ರಿ ಆ ಮನೆಯಲ್ಲಿ ಯಾರೂ ನಗಲಿಲ್ಲ.

ಕಾಮಾಲೆ ತಲೆಗೇರಿ ಕಿವಿಯನ್ನು ತಿಂದಿತ್ತು.

ಮಾರನೇ ದಿನ ತಿಪ್ಪೇಶ ಸುತ್ತಿಗೆ ತಂದು ತನ್ನ ಸೂರ್ಯನನ್ನು ಒಡೆದ, ಹಲಗೆ ಕಿತ್ತ. ಕಿಟಕಿಯಿಂದ ಧೂಳಿನ ಸಮೇತ ಬಿಸಿಲು ಒಳಗೆ ಬಂತು. ಮಗಳ ತೊಟ್ಟಿಲ ಪಕ್ಕ ಒಂದೇ ಒಂದು ಸಣ್ಣ ದೀಪ ಇಟ್ಟ. ಅದನ್ನು ಬಚ್ಚಿಡಲಿಲ್ಲ, ಎಲ್ಲರಿಗೂ ಕಾಣುವ ಹಾಗೇ ಇಟ್ಟ. ಅದರ ಗುಂಡಿ ಬಾಗಿಲ ಹತ್ತಿರ. ಈಗ ಅವನು ಕೋಣೆಗೆ ಬರುವಾಗೆಲ್ಲ ಮೂರು ಸಲ ಒತ್ತಿ ದೀಪ ಮಿನುಗಿಸುತ್ತಾನೆ. ಇಂ. ಚ. ರ. ಮಗು ತಿರುಗಿ ನೋಡಿ ನಗುತ್ತದೆ. ಅವನೂ ನಗುತ್ತಾನೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಾನೆ. ಅಭ್ಯಾಸ, ಅಷ್ಟೇ. ನಲ್ಲಿ ಬಿಡದಿದ್ದರೂ ಮಗಳಿಗೆ ಕೇಳುವುದಿಲ್ಲ.

ನೀತಿ: ಚೆಂದ ಮಾಡಿ ತೋರಿಸುವ ಬೆಳಕಿನಲ್ಲಿ ನೆಂಟರನ್ನು ಕೂರಿಸಿ, ತಪ್ಪಿಲ್ಲ. ನಿಮ್ಮವರ ಮುಖ ನೋಡುವಾಗ ಮಾತ್ರ ಕಿಟಕಿ ತೆಗೆದು ನೋಡಿ. ಹೊಗಳಿಕೆ ತರುವ ಬೆಳಕು ನೋವನ್ನು ಮುಚ್ಚಿಡುತ್ತದೆ. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಬೆಳಕೇ ನಮ್ಮವರನ್ನು ಕಾಯುತ್ತದೆ.