ಇನ್ಸ್‌ಪೆಕ್ಟರ್ ಸಾಹೇಬರ ಮುಖಪುಟದ ಫೋಟೋ

ಎಳನೀರು ಮಾರುವ ಮರಿಸ್ವಾಮಿ ಮಾಡಿದ ತಪ್ಪು ಒಂದೇ. "ಗಾಡಿಗೆ ಅಡ್ಡ ಜೀಪು ನಿಲ್ಲಿಸಬೇಡಿ ಸಾರ್" ಅಂದುಬಿಟ್ಟ. ಇನ್ಸ್‌ಪೆಕ್ಟರ್ ಸಾಹೇಬರು ಕೇಸೂ ಇಲ್ಲದೆ ಅವನನ್ನು ಲಾಕಪ್ಪಿಗೆ ಹಾಕಿದರು. ಮಾರ್ಕೆಟ್ಟಿನವರು ಮಾನವ ಹಕ್ಕು ಅಂತ ಗೊಣಗತೊಡಗಿದಾಗ, ಸಾಹೇಬರು ಊರಿನ ಪತ್ರಿಕೆಯ ಫೋಟೋಗ್ರಾಫರಮ್ಮನನ್ನು ಠಾಣೆಗೆ ಕರೆಸಿದರು.

"ನಮ್ಮ ಠಾಣೇಲಿ ಎಲ್ಲರನ್ನೂ ಮನೆ ಮಕ್ಕಳ ಹಾಗೆ ನೋಡ್ಕೋತೀವಿ. ನಾಳೆ ಮುಖಪುಟದಲ್ಲಿ ಅದೇ ಬರಬೇಕು. ಇಲ್ಲದಿದ್ರೆ ನೀನೂ ಇವನ ಪಕ್ಕದಲ್ಲೇ ಕೂರ್ತೀಯ."

"ಬರುತ್ತೆ ಸಾರ್. ಆದ್ರೆ ಸರಳಿನ ಹಿಂದೆ ಇದ್ರೆ ಮನೆ ಮಕ್ಕಳು ಅನ್ಸಲ್ವಲ್ಲ. ಹೊರಗೆ ಕರೀರಿ."

ಕರೆದರು. ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕೊಟ್ಟರು. ಆಕೆಗೆ ಸಮಾಧಾನವಿಲ್ಲ.

"ಇಲ್ಲಿ ಬೆಳಕು ಸಾಲದು ಸಾರ್. ನೀವೇ ಜೀಪಲ್ಲಿ ಮನೆಗೆ ಬಿಡೋ ಹಾಗೆ ಒಂದು ತೆಗೆಯೋಣ."

ಫೋಟೋ ಅಂದರೆ ಪ್ರಾಣ ಬಿಡುವ ಸಾಹೇಬರು ತಾವೇ ಜೀಪು ಓಡಿಸಿದರು. ಆಕೆ ಸ್ಕೂಟರಿನಲ್ಲಿ ಹಿಂದೆಯೇ ಹೋದಳು. ಮನೆ ಬಾಗಿಲಲ್ಲಿ ಮರಿಸ್ವಾಮಿಯ ಹೆಂಡತಿ ಚಿಕ್ಕತಾಯಮ್ಮ ಅಳುತ್ತಾ ನಗುತ್ತಾ ಕೈಮುಗಿದಳು. ಕೇರಿಯೆಲ್ಲ ಸೇರಿತು. ಸಾಹೇಬರು ಮರಿಸ್ವಾಮಿಯ ಹೆಗಲ ಮೇಲೆ ಕೈ ಹಾಕಿದರು.

"ಇನ್ನೊಂದ್ಸಲ ಸಾರ್, ಸ್ವಲ್ಪ ನಗಿ!"

ನಕ್ಕರು. ಫೋಟೋ ಆಯಿತು.

"ಮುಗೀತಲ್ಲ? ಹತ್ತೋ ಜೀಪು!" ಎಂದರು ಸಾಹೇಬರು.

ಮರಿಸ್ವಾಮಿಯ ಮುಖ ಬಾಡಿತು. ಆಕೆ ಮಾತ್ರ ಕ್ಯಾಮೆರಾವನ್ನು ಮತ್ತೆ ಕಣ್ಣಿಗೇರಿಸಿದಳು.

"ನಿಧಾನ ಸಾರ್, ಅದನ್ನೂ ತೆಗೀತೀನಿ. ಮನೆಗೆ ಬಿಟ್ಟಿದ್ದು, ಮತ್ತೆ ಹಿಡ್ಕೊಂಡು ಹೋಗಿದ್ದು, ಎರಡನ್ನೂ ಅಕ್ಕಪಕ್ಕ ಹಾಕಿದ್ರೆ ಮುಖಪುಟಕ್ಕೆ ಏನು ಕಳೆ ಬರುತ್ತೆ ಗೊತ್ತಾ!"

ಕೇರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಟೋಪಿ ಸರಿಮಾಡಿಕೊಂಡು ಮರಿಸ್ವಾಮಿಯ ಕಡೆ ತಿರುಗಿದರು.

"ನಿಂಗಲ್ಲ ಕಣಯ್ಯ, ನನಗೆ ನಾನೇ ಹೇಳ್ಕೊಂಡಿದ್ದು" ಎಂದು ಒಬ್ಬರೇ ಜೀಪು ಹತ್ತಿದರು.