ಮುಟ್ಟಿ ನೋಡಿ, ಬುದ್ಧಿ

"ಕೇಳ್ರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಬೇಟೆಯಿಂದ ಬಂದ ಅರಸ ಮೂರು ದಿನ ಯಾರಿಗೂ ಮುಖ ತೋರಿಸಿರಲಿಲ್ಲ. ನಾಲ್ಕನೆಯ ದಿನ ಈ ಡಂಗುರ. ಜೊತೆಗೆ ಇನ್ನೊಂದು ಆಜ್ಞೆ: ಹುಲ್ಲೆಗುಡ್ಡದ ಪೊದೆಗಾಡಿಗೆ ಹುಣ್ಣಿಮೆಯಂದು ಬೆಂಕಿ. ಆ ಕಾಡು ಹೋದರೆ ಮಾಳವ್ವನ ಆಡುಗಳಿಗೆ ಮೇವಿಲ್ಲ, ಮಾಳವ್ವನಿಗೆ ಅನ್ನವಿಲ್ಲ. ಅವಳು ನೆಟ್ಟಗೆ ಅರಮನೆಗೆ ಬಂದಳು.

ಅರಸ ಕೇಳಿದ: "ಕಾಲಿಲ್ಲದೆ ಪರರ ಹೆಗಲೇರಿ ಬಿಸಿಲು ಕುಡಿಯುವುದು ಯಾವುದು? ತಲೆಕೆಳಗಾಗಿ ನೇರಳೆ ಒಡವೆ ತೂಗಿ, ಮಳೆಗಾಲ ಕಳೆದ ಮೇಲೆ ಹೊಂಬಣ್ಣದ ಅಂಗಿ ತೊಡುವುದು ಯಾವುದು? ಕತ್ತಿಯಿಲ್ಲದೆ ಕಾವಲಿದ್ದು, ಮುಟ್ಟಿದವನನ್ನು ಕೊಲ್ಲದೆ, ಸುಮ್ಮನೂ ಬಿಡದೆ ಕಾಡುವುದು ಯಾವುದು?"

ದಳವಾಯಿಯ ಮಗ, "ಹಾವು, ನವಿಲು, ಚೇಳು" ಎಂದ. ಅವನನ್ನು ಕಂಬಕ್ಕೆ ಕಟ್ಟಿದರು. ಆಸ್ಥಾನದ ಪಂಡಿತರೊಬ್ಬರು, "ಹೊಗೆ, ಸಂಜೆ, ಪಾಪ" ಎಂದರು. ಅವರನ್ನೂ ಕಟ್ಟಿದರು. ಓದಿದ್ದು ಸ್ವಲ್ಪ ಜಾಸ್ತಿಯಾಗಿತ್ತು.

"ನೀನೇನು ಹೇಳುತ್ತೀಯೆ, ಆಡು ಕಾಯುವವಳೇ?" ಅರಸ ನಕ್ಕ.

"ಮೂರಕ್ಕೂ ಒಂದೇ ಉತ್ರ, ಬುದ್ಧಿ. ನಸುಗುನ್ನಿ ಬಳ್ಳಿ. ಬೇಲೀಲಿ, ಪೊದೇಲಿ, ಹಳ್ಳದ ದಡದಲ್ಲಿ ಹುಟ್ಟಿ, ಮೂರ್ಮೂರು ಎಲೆ ಬಿಟ್ಕೊಂಡು ಕಂಡ ಮರ ಹತ್ತುತದೆ. ನೇರಳೆ ಹೂವಿನ ಗೊಂಚಲು ಕೆಳಕ್ಕೆ ಜೋತು ಬೀಳ್ತವೆ. ಆಮೇಲೆ ಅವರೆಕಾಯಿ ಥರದ ಸೊಟ್ಟ ಕಾಯಿ, ಮೈತುಂಬ ಹೊಂಬಣ್ಣದ ಸುಂಕು, ಸಣ್ಣ ಕೂದ್ಲಿನ ಥರ. ಮುಟ್ಟಿದ್ರೆ ತುರಿಕೆ. ಅದೇ ಅದರ ಕಾವಲು."

ಅರಸನ ಮುಖ ಕೆಂಪಾಯಿತು. "ತಪ್ಪು! ಇವಳನ್ನೂ ಕಟ್ಟಿ!"

ಮಾಳವ್ವ ಕದಲಲಿಲ್ಲ. ಮುತ್ತುಗದೆಲೆಯಲ್ಲಿ ಸುತ್ತಿ ತಂದ ಕಾಯೊಂದನ್ನು ಬಿಚ್ಚಿ ಸಿಂಹಾಸನದತ್ತ ಚಾಚಿದಳು.

"ನನ್ನ ಉತ್ರ ತಪ್ಪಾದ್ರೆ ಇದು ಬರೀ ಕಾಯಿ. ಮುಟ್ಟಿ ನೋಡಿ, ಬುದ್ಧಿ."

ಅರಸ ಎರಡೂ ಕೈಗಳನ್ನು ಸರ್ರನೆ ಬೆನ್ನ ಹಿಂದೆ ಅಡಗಿಸಿದ. ಇಡೀ ಸಭೆ ನೋಡಿತು. ಮಂತ್ರಿ ಕೆಮ್ಮಿದ.

"ಬೇಟೇಲಿ ಪೊದೆಗೆ ಬಿದ್ದೋರು ನೀವೇ. ತುರಿಕೆ ತಾಳದೆ ಹಳ್ಳದಲ್ಲಿ ಮೈಗೆಲ್ಲ ಸಗಣಿ ಬಳ್ಕೊಂಡು ಕೂತಿದ್ದನ್ನ ನನ್ನ ಆಡುಗಳೂ ನೋಡವೆ. ಆ ಸಿಟ್ಟಿಗೆ ಕಾಡು ಸುಡ್ತೀರಾ? ಕಾಯೋದು ಬಳ್ಳಿ ಕೆಲ್ಸ. ನಿಮ್ದೂ ಅದೇ ಅಲ್ವಾ?"

ಅರಸನಿಗೆ ನಾಚಿಕೆಯಾಯಿತು. "ಏನು ಬೇಕು ಕೇಳು" ಎಂದ.

"ಪೊದೆಗಾಡು ಬೇಕು. ಈ ಇಬ್ಬರ ತಲೇನೂ ಬೇಕು, ಮೈ ಸಮೇತ."

ಕೊಡದೆ ಗತಿಯಿರಲಿಲ್ಲ, ಕಾಯಿ ಇನ್ನೂ ಅವಳ ಕೈಯಲ್ಲೇ ಇತ್ತು. ಹುಲ್ಲೆಗುಡ್ಡದಲ್ಲಿ ಆ ಬಳ್ಳಿ ಇಂದಿಗೂ ಕಾವಲಿದೆ. ಈ ಕತೆ ನಂಬದವರು ಹೋಗಿ ಮುಟ್ಟಿ ನೋಡಲಿ.